ವರ್ಷಕ್ಕೊಮ್ಮೆಯ ಸ್ಪಾ, ವಾರಕ್ಕೊಮ್ಮೆಯ ಎಣ್ಣೆಸ್ನಾನ

ಬೆಂಗಳೂರಿನ ಮಾಲ್‌ಗಳಿಂದ ಹಿಡಿದು ಕೊಡಗು, ಚಿಕ್ಕಮಗಳೂರಿನ ರೆಸಾರ್ಟ್‌ಗಳವರೆಗೆ ಈಗ ಸ್ಪಾ ಇಲ್ಲದ ಜಾಗ ಕಡಿಮೆ. ಒಂದು ಗಂಟೆಯ ಮಸಾಜ್, ಅದರ ಹಿಂದೆಯೇ ಒಂದಿಷ್ಟು ಹೊತ್ತು ಹಬೆ. ಇಷ್ಟಕ್ಕೆ ಸಾವಿರಾರು ರೂಪಾಯಿ. ದಣಿದ ಮೈಗೆ ಹಿತವಾಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಜಾಹೀರಾತುಗಳು ಮಾರುತ್ತಿರುವುದು ಹಿತವನ್ನಷ್ಟೇ ಅಲ್ಲ, ಆರೋಗ್ಯವನ್ನು. ಬಿಸಿಯೂ ಎಣ್ಣೆಯೂ ನೀವುವ ಕೈಯೂ ದೇಹಕ್ಕೆ ಒಳಿತು ಮಾಡಬಲ್ಲವು ಎಂಬುದನ್ನು ನಾನು ಒಪ್ಪುತ್ತೇನೆ. ಆ ಒಳಿತು ರೂಢಿಯಿಂದ ಬರುವಂಥದ್ದು, ಅಪರೂಪದ ಭೇಟಿಯಿಂದಲ್ಲ ಎಂಬುದು ನನ್ನ ವಾದ.

ಸ್ಪಾ ಪರವಾಗಿ ಮಾತನಾಡುವವರು ಹೆಚ್ಚಾಗಿ ಮುಂದಿಡುವುದು ಫಿನ್ಲೆಂಡಿನ ಸೌನಾ, ಅಂದರೆ ಬಿಸಿಕೋಣೆಯ ಬೆವರುಸ್ನಾನದ ಅಧ್ಯಯನವನ್ನು. ಅಲ್ಲಿನ ಕುವೊಪಿಯೊ ಪ್ರದೇಶದ 2,300ಕ್ಕೂ ಹೆಚ್ಚು ಮಧ್ಯವಯಸ್ಕ ಗಂಡಸರನ್ನು ಸುಮಾರು 20 ವರ್ಷ ಗಮನಿಸಿ ಸಂಶೋಧಕರು 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ವಾರಕ್ಕೆ ನಾಲ್ಕರಿಂದ ಏಳು ಸಲ ಸೌನಾಕ್ಕೆ ಹೋಗುವವರಲ್ಲಿ ಹೃದಯದ ತೊಂದರೆಯಿಂದ ಹಠಾತ್ತನೆ ಸಾಯುವ ಅಪಾಯ ಶೇ 63ರಷ್ಟು ಕಡಿಮೆ ಇತ್ತು. ಯಾರಿಗಿಂತ ಕಡಿಮೆ? ವಾರಕ್ಕೆ ಒಂದೇ ಸಲ ಹೋಗುವವರಿಗಿಂತ! ಅಂದರೆ ಆ ಹೋಲಿಕೆಯಲ್ಲಿ ಅತಿ ಕಡಿಮೆ ಸೌನಾ ಮಾಡುವವರೆಂದು ಎಣಿಸಿಕೊಂಡವರೂ ವರ್ಷಕ್ಕೆ ಐವತ್ತು ಸಲ ಬೆವರುತ್ತಿದ್ದವರು. ಹುಟ್ಟುಹಬ್ಬಕ್ಕೊಮ್ಮೆ ಸ್ಪಾಗೆ ಹೋಗುವವರು ಆ ಲೆಕ್ಕಕ್ಕೇ ಬರುವುದಿಲ್ಲ. ಸುಮಾರು 55 ಲಕ್ಷ ಜನರ ಆ ದೇಶದಲ್ಲಿ 30 ಲಕ್ಷದಷ್ಟು ಸೌನಾಗಳಿವೆ. ನಮಗೆ ಬಚ್ಚಲುಮನೆ ಹೇಗೋ ಅವರಿಗೆ ಅದು ಹಾಗೆ. ಗಟ್ಟಿಮುಟ್ಟಾದವರೇ ಹೆಚ್ಚು ಸಲ ಸೌನಾಕ್ಕೆ ಹೋಗುತ್ತಿರಬಹುದಲ್ಲವೇ ಎಂಬ ಪ್ರಶ್ನೆಗೂ ಇಂಥ ಅಧ್ಯಯನ ಪೂರ್ತಿ ಉತ್ತರ ಕೊಡಲಾರದು. ಸ್ಪಾ ಪರ ಇನ್ನೊಂದು ಉದಾಹರಣೆಯಾದ ಫ್ರಾನ್ಸಿನಲ್ಲಿ ಬಿಸಿನೀರಿನ ಬುಗ್ಗೆಗಳ ಚಿಕಿತ್ಸೆಗೆ ಸರ್ಕಾರಿ ಆರೋಗ್ಯ ವಿಮೆಯೇ ನೆರವಾಗುತ್ತದೆ. ಆದರೆ ಅದಕ್ಕೆ ವೈದ್ಯರ ಚೀಟಿ ಬೇಕು, ಚಿಕಿತ್ಸೆ 18 ದಿನ ನಡೆಯಬೇಕು. ಮೊಣಕಾಲಿನ ಸಂಧಿವಾತಕ್ಕೆ ಅಲ್ಲಿ ಕಂಡ ಗುಣ ಆ 18 ದಿನಗಳ ಕ್ರಮದ್ದು, ಒಂದು ಮಧ್ಯಾಹ್ನದ್ದಲ್ಲ.

ನಮ್ಮ ಆಯುರ್ವೇದವೇ ಅಭ್ಯಂಗವನ್ನು ಹೊಗಳಿದೆಯಲ್ಲ ಎನ್ನುವವರಿದ್ದಾರೆ. ಹೌದು, ಹೊಗಳಿದೆ. ಆದರೆ ವಾಗ್ಭಟ ಅದನ್ನು ಹೇಳಿರುವುದು ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯದಲ್ಲಿ, ಪ್ರತಿದಿನ ಮಾಡಬೇಕಾದ ಕೆಲಸಗಳ ಸಾಲಿನಲ್ಲಿ. ಅಜೀರ್ಣವಾದವರಿಗೆ, ಕಫ ಹೆಚ್ಚಿದವರಿಗೆ ಬೇಡವೆಂದೂ ಅಲ್ಲೇ ಎಚ್ಚರಿಸುತ್ತಾನೆ. ನಮ್ಮ ಮನೆಗಳು ಅದನ್ನೇ ವಾರದ ಎಣ್ಣೆಸ್ನಾನವಾಗಿ ಉಳಿಸಿಕೊಂಡಿದ್ದವು. ಈಗ ಬಹುಪಾಲು ಯುಗಾದಿಗೂ ನರಕಚತುರ್ದಶಿಗೂ ಸೀಮಿತವಾಗಿದೆ. ಬಿಟ್ಟುಕೊಟ್ಟ ರೂಢಿಯನ್ನೇ ಮತ್ತೆ ದುಬಾರಿ ಬೆಲೆಗೆ, ಅದೂ ಎಂದೋ ಒಮ್ಮೆ ಕೊಳ್ಳುತ್ತಿದ್ದೇವೆ ಎಂಬುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಆರಾಮವೇ ಒಂದು ಆರೋಗ್ಯವಲ್ಲವೇ ಎಂಬ ಆಕ್ಷೇಪಣೆಗೆ ಮಾತ್ರ ನಾನು ಅರ್ಧ ಸೋಲುತ್ತೇನೆ. ಮಸಾಜ್‌ನಿಂದ ಬೆನ್ನುನೋವು ಕೆಲಕಾಲವಾದರೂ ತಗ್ಗಬಹುದು, ಮನಸ್ಸಿನ ಕಳವಳ ಇಳಿಯಬಹುದು. ಮನೆ, ಕಚೇರಿ ಎರಡನ್ನೂ ತೂಗಿಸುವ ಹೆಣ್ಣುಮಗಳಿಗೆ ಯಾರೂ ಕರೆಯದ ಒಂದು ಗಂಟೆ ಸಿಗುವುದು ಸಣ್ಣ ಮಾತಲ್ಲ. ಕೈಯಲ್ಲಿ ಹಣವಿದ್ದು ಆ ಗಂಟೆಯನ್ನು ಕೊಂಡರೆ ತಪ್ಪೇನೂ ಇಲ್ಲ. ತಪ್ಪು ಇರುವುದು ‘ಡಿಟಾಕ್ಸ್’ ಹೆಸರಿನ ಮಾರಾಟದಲ್ಲಿ. ಬೆವರು ಬಹುಪಾಲು ನೀರು ಮತ್ತು ಉಪ್ಪು. ರಕ್ತದ ಕಲ್ಮಶ ತೆಗೆಯುವ ಕೆಲಸ ಯಕೃತ್ತು, ಮೂತ್ರಪಿಂಡಗಳದ್ದು. ಹಬೆಯಿಂದ ಇಳಿದ ತೂಕ ನಾಲ್ಕು ಲೋಟ ನೀರು ಕುಡಿದರೆ ವಾಪಸ್ಸು ಬರುತ್ತದೆ. ಇಂಥ ಭರವಸೆ ನಂಬಿ ಸಕ್ಕರೆ ಕಾಯಿಲೆಯವರೋ ಕೀಲುನೋವಿನವರೋ ವೈದ್ಯರ ಬಳಿ ಹೋಗುವುದನ್ನು ಮುಂದೂಡಿದರೆ ಅದರ ನಷ್ಟ ಸ್ಪಾ ಬಿಲ್ಲಿಗಿಂತ ಬಹಳ ದೊಡ್ಡದು. ಬಿಸಿಯೂ ಎಲ್ಲರಿಗೂ ಒಗ್ಗುವುದಿಲ್ಲ. ರಕ್ತದೊತ್ತಡದ ಮಾತ್ರೆ ನುಂಗುವವರಿಗೆ ತಲೆ ಸುತ್ತಬಹುದು. ಗರ್ಭಿಣಿಯರು, ಹೃದ್ರೋಗಿಗಳು ವೈದ್ಯರನ್ನು ಕೇಳದೆ ಹೋಗಬಾರದು. ಕುಡಿದು ಹೋಗುವುದಂತೂ ಪ್ರಾಣಕ್ಕೇ ಅಪಾಯ. ಹಬೆಕೋಣೆಯ ಬಾಗಿಲು ತೆರೆಯುವ ಮುನ್ನ ಈ ಯಾವುದನ್ನೂ ವಿಚಾರಿಸದ ಜಾಗ ಎಷ್ಟೇ ಥಳಕಿನದಾದರೂ ಅಲ್ಲಿಂದ ಎದ್ದು ಬರುವುದು ಒಳ್ಳೆಯದು.