ಆಸನಕ್ಕೆ ಮೊದಲು ಅಸ್ತೇಯ

ಮಿರ್ಲೆಯ ಗೆಳೆಯರು ನಮಗೊಂದು ಪ್ರಶ್ನೆ ಕಳಿಸಿದ್ದಾರೆ. ಅಲ್ಲಿ ಕೆಲವು ತರುಣರು ಬೆಳಗಿನ ಹೊತ್ತು ಯೋಗಾಸನ ಕಲಿಯುತ್ತಿದ್ದಾರೆ. ಕಲಿಸುವವನೂ ಅವರಂತೆಯೇ ದುಡಿದು ತಿನ್ನುವವನು. ಬರಿಯ ಆಸನ ಸಾಲದು. ಪತಂಜಲಿಯನ್ನು, ಗೀತೆಯನ್ನು, ಉಪನಿಷತ್ತನ್ನು ಓದಿಕೊಂಡರೆ ಕಲಿಸುವುದು ಆಳವಾದೀತು, ದಿನನಿತ್ಯದ ಬಾಳೂ ನೆಟ್ಟಗಾದೀತು ಎಂಬುದು ಅವನ ಆಸೆ. ಇದಕ್ಕೆ ಎರಡು ಕಡೆಯಿಂದ ಅಡ್ಡಿ ಬಂದಿದೆಯಂತೆ. ಹಿರಿಯರೊಬ್ಬರು, "ಸಂಸ್ಕೃತ ಬಾರದವನಿಗೆ ಶಾಸ್ತ್ರವೇಕೆ?" ಎಂದರು. ನಮ್ಮ ಪಕ್ಷದವರೇ ಒಬ್ಬರು, "ಸಮಾಜವಾದಿಗೆ ಪುರೋಹಿತರ ಪುಸ್ತಕವೇಕೆ?" ಎಂದರು. ಇಬ್ಬರಿಗೂ ನಮ್ಮ ಉತ್ತರ ಒಂದೇ: ಓದಲಿ. ಆದರೆ ಪೂರ್ತಿ ಓದಲಿ.

ಮೊದಲು ಹಿರಿಯರ ಮಾತು. ಮಿರ್ಲೆಗೆ ನೆರೆಯ ಸಾಲಿಗ್ರಾಮದಲ್ಲಿ ರಾಮಾನುಜಾಚಾರ್ಯರ ನೆನಪು ಇಂದಿಗೂ ಉಳಿದಿದೆ. ಆ ಆಚಾರ್ಯರು ಏನು ಮಾಡಿದರೆಂದು ಅವರ ಪರಂಪರೆಯವರೇ ಹೇಳುತ್ತಾರೆ. ಗುರು ಗುಟ್ಟಾಗಿ ಉಪದೇಶಿಸಿದ ಮಂತ್ರವನ್ನು ಅವರು ತಿರುಕ್ಕೋಟ್ಟಿಯೂರಿನ ಗುಡಿಯ ಮೇಲೇರಿ, ನೆರೆದ ಜನಕ್ಕೆಲ್ಲ ಕೇಳುವಂತೆ ಸಾರಿದರು. ಇದರಿಂದ ನಿನಗೆ ನರಕ ಎಂದಾಗ, ಇಷ್ಟು ಜನ ಉದ್ಧಾರವಾಗುವುದಾದರೆ ನನ್ನೊಬ್ಬನಿಗೆ ನರಕವಾಗಲಿ ಎಂದರು. ಅಂಥವರ ಹೆಸರು ಹೇಳುವ ಸೀಮೆಯಲ್ಲಿ ನಿಂತು ಶಾಸ್ತ್ರಕ್ಕೆ ಬೀಗ ಹಾಕುವುದು ಯಾವ ನ್ಯಾಯ?

ಭಾಷೆಯ ನೆಪವಂತೂ ನಿಲ್ಲುವುದೇ ಇಲ್ಲ. ಮೈಸೂರಿನ ಯೋಗ ಲೋಕಕ್ಕೆಲ್ಲ ಹಬ್ಬಿದ್ದು ಕನ್ನಡದ ಹೊಸ್ತಿಲು ದಾಟಿಯೇ. ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ತಿರುಮಲೆ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸಿದವರು. ಅವರ 'ಯೋಗ ಮಕರಂದ' 1934ರಲ್ಲಿ ಅಚ್ಚಾದದ್ದು ಕನ್ನಡದಲ್ಲಿ. ಅವರ ಶಿಷ್ಯ, ಹಾಸನದ ಕಡೆಯ ಕೌಶಿಕ ಗ್ರಾಮದ ಪಟ್ಟಾಭಿ ಜೋಯಿಸರ 'ಯೋಗ ಮಾಲಾ' 1962ರಲ್ಲಿ ಹೊರಬಂದದ್ದೂ ಕನ್ನಡದಲ್ಲಿ. ಇಂದು ಹೊರದೇಶದವರು ವಿಮಾನವೇರಿ ಮೈಸೂರಿನ ಗೋಕುಲಕ್ಕೆ ಬಂದು ಹಣ ತೆತ್ತು ಕಲಿಯುತ್ತಾರೆ. ಬರಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಕನ್ನಡದಲ್ಲಿ ಬರೆದಿಟ್ಟ ವಿದ್ಯೆ ಮಿರ್ಲೆಯ ಕೂಲಿಯ ಮಗನಿಗೆ ಎಟುಕದು ಎಂದರೆ ನಾವು ಒಪ್ಪುವವರಲ್ಲ.

ಇನ್ನು ನಮ್ಮ ಗೆಳೆಯರ ಮಾತು. ರಾಮ, ಕೃಷ್ಣ, ಶಿವರನ್ನು ಕುರಿತು ಡಾ. ಲೋಹಿಯಾ ಅವರೇ ಪ್ರೀತಿಯಿಂದ ಬರೆದಿದ್ದಾರೆ. ಅದರಿಂದ ಅವರ ಸಮಾಜವಾದ ಸವೆಯಲಿಲ್ಲ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಡಾ. ಅಂಬೇಡ್ಕರರ ನೇತೃತ್ವದಲ್ಲಿ ಮನುಸ್ಮೃತಿಯನ್ನು ಸುಟ್ಟರು. ಒಳಗೇನಿದೆಯೆಂದು ತಿಳಿದೇ ಸುಟ್ಟರು. ಓದದೆ ಪೂಜಿಸುವವನೂ ಓದದೆ ಬೈಯುವವನೂ ಇಬ್ಬರೂ ಪುರೋಹಿತನಿಗೇ ಸಹಾಯಕರು. ಪುಸ್ತಕ ಅವನ ಕೈಯಲ್ಲೇ ಉಳಿಯುತ್ತದೆ. ತನಗೆ ಬೇಕಾದ ಪುಟವನ್ನಷ್ಟೇ ಬಿಚ್ಚಿ ತೋರಿಸುತ್ತಾನೆ.

ಪೂರ್ತಿ ಓದಿದರೆ ಏನು ಕಾಣುತ್ತದೆ? ಪತಂಜಲಿಯ ಯೋಗಸೂತ್ರಗಳು ಇನ್ನೂರಕ್ಕೆ ನಾಲ್ಕೈದು ಕಡಿಮೆ. ಅದರಲ್ಲಿ ಆಸನ ಹೇಗಿರಬೇಕೆಂದು ಹೇಳುವವು ಮೂರೇ ಮೂರು. ಎಂಟು ಅಂಗಗಳಲ್ಲಿ ಆಸನದ ಸ್ಥಾನ ಮೂರನೆಯದು. ಮೊದಲನೆಯದು ಯಮ. ಯಮವೆಂದರೆ ಐದು: ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ. ಅಸ್ತೇಯವೆಂದರೆ ಕದಿಯದಿರುವುದು, ಅಪರಿಗ್ರಹವೆಂದರೆ ಬೇಕಾದುದಕ್ಕಿಂತ ಹೆಚ್ಚು ಕೂಡಿಹಾಕದಿರುವುದು. ಈ ವ್ರತಕ್ಕೆ ಹುಟ್ಟು, ಸ್ಥಳ, ಕಾಲ, ಸಂದರ್ಭ ಯಾವುದರಿಂದಲೂ ವಿನಾಯಿತಿ ಇಲ್ಲವೆಂದು ಪತಂಜಲಿ ಕೂಡಲೇ ಹೇಳಿಬಿಟ್ಟಿದ್ದಾನೆ. ಮಾರುಕಟ್ಟೆ ಬಿದ್ದಿದೆ, ಈ ವರ್ಷ ಲಾಭ ಕಡಿಮೆ, ಎಲ್ಲರೂ ಹೀಗೇ ಮಾಡುತ್ತಾರೆ ಎಂಬ ಧಣಿಗಳ ಮೂರು ಮಾತಿಗೂ ಅಲ್ಲಿ ಜಾಗವಿಲ್ಲ.

ಈಗ ನೋಡಿ, ಎಷ್ಟು ಅಂದವಾಗಿ ಮೊದಲ ಮೆಟ್ಟಿಲನ್ನು ಹಾರಿ ಮೂರನೆಯದಕ್ಕೆ ಕಾಲಿಟ್ಟಿದ್ದಾರೆ! 2015ರಿಂದ ವರ್ಷವರ್ಷವೂ ಜೂನ್ 21ರಂದು ಯೋಗ ದಿನ. 2022ರಲ್ಲಿ ಮೈಸೂರು ಅರಮನೆಯ ಮುಂದೆ ಪ್ರಧಾನಿಯವರೊಡನೆ ಸಾವಿರಾರು ಮಂದಿ ಆಸನ ಹಾಕಿದರು. ಮರುವರ್ಷ, 2023ರಲ್ಲಿ, ಅದೇ ಪಕ್ಷದ ರಾಜ್ಯ ಸರ್ಕಾರ ಕಾರ್ಖಾನೆ ಕಾಯಿದೆಯನ್ನು ತಿದ್ದಿ, ದಿನದ ದುಡಿಮೆಯನ್ನು 12 ಗಂಟೆಯವರೆಗೆ ಎಳೆಯಲು ದಾರಿ ಮಾಡಿತು. ವಾರಕ್ಕೆ 48 ಗಂಟೆ ಮೀರದು, ಕಾರ್ಮಿಕನ ಒಪ್ಪಿಗೆ ಬೇಕು ಎಂದರು. ಕೆಲಸ ಕಳೆದುಕೊಳ್ಳುವ ಭಯ ಇರುವವನ ಒಪ್ಪಿಗೆ ಎಂಥ ಒಪ್ಪಿಗೆ? ಸರ್ಕಾರ ಬದಲಾಯಿತು, ರೋಗ ಬದಲಾಗಲಿಲ್ಲ. 2025ರಲ್ಲಿ ಹೊಸ ಸರ್ಕಾರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ನೌಕರರ ದಿನವನ್ನು 9ರಿಂದ 10 ಗಂಟೆಗೆ ಏರಿಸುವ ಪ್ರಸ್ತಾಪವನ್ನು ಮುಂದಿಟ್ಟಿತು.

ಇವರೆಲ್ಲರೂ ಗೀತೆಯ ಹೆಸರು ಹೇಳುವವರೇ. ಆದರೆ ಆರನೆಯ ಅಧ್ಯಾಯ ಏನೆನ್ನುತ್ತದೆ? ಅತಿಯಾಗಿ ಉಣ್ಣುವವನಿಗೂ ಉಪವಾಸ ಬಿದ್ದವನಿಗೂ ಯೋಗವಿಲ್ಲ. ಅತಿಯಾಗಿ ಮಲಗುವವನಿಗೂ ನಿದ್ದೆಗೆಟ್ಟವನಿಗೂ ಯೋಗವಿಲ್ಲ. ಊಟ, ವಿಹಾರ, ಕೆಲಸ, ನಿದ್ದೆ ಎಲ್ಲವೂ ಹಿತಮಿತವಾಗಿರಬೇಕು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬ್ಯಾರನ್ನಿನ ಬೆಂಕಿ ಕಾಯುತ್ತ ರಾತ್ರಿ ಕಳೆಯುವ ಕೂಲಿಗೆ ಹಿತಮಿತದ ನಿದ್ದೆ ಯಾರು ಕೊಟ್ಟಾರು? ಅಕ್ಕಿ ಗಿರಣಿಯಲ್ಲಿ ದಿನವೆಲ್ಲ ಮೂಟೆ ಹೊತ್ತ ಬೆನ್ನಿಗೆ ಭುಜಂಗಾಸನ ಒಳ್ಳೆಯದೇ. ಮೂಟೆಯ ಭಾರ ಇಳಿಸುವುದು ಇನ್ನೂ ಒಳ್ಳೆಯದು. ಹೊಟ್ಟೆಯ ಕಾಲುಭಾಗ ಖಾಲಿಯಿರಲಿ ಎನ್ನುತ್ತದೆ ಹಠಯೋಗ ಪ್ರದೀಪಿಕೆ. ನಮ್ಮ ಎಷ್ಟೋ ಮನೆಗಳಲ್ಲಿ ಯಾವ ಗುರುವಿನ ಉಪದೇಶವೂ ಇಲ್ಲದೆ ಅರ್ಧ ಹೊಟ್ಟೆಯೇ ಖಾಲಿ!

ಕರ್ಮ ಮಾಡು, ಫಲ ಬಯಸಬೇಡ ಎಂಬ ಮಾತನ್ನು ಬೋನಸ್ ಕೇಳಿದವರಿಗೆ ಹೇಳುವ ಧಣಿಗಳೂ ಉಂಟು. ನಾವು ಕೇಳುತ್ತೇವೆ: ಆ ಮಾತು ದುಡಿಯುವವನಿಗೆ ಮಾತ್ರವೋ, ಲಾಭ ಎಣಿಸುವವನಿಗೂ ಉಂಟೋ? ಮೂರನೆಯ ಅಧ್ಯಾಯದಲ್ಲೇ ಇದೆ ನೋಡಿ: ಹಂಚದೆ ತಾನೊಬ್ಬನೇ ಉಣ್ಣುವವನು ಕಳ್ಳ, ತನಗಾಗಿಯೇ ಬೇಯಿಸಿಕೊಳ್ಳುವವನು ಪಾಪವನ್ನೇ ಉಣ್ಣುತ್ತಾನೆ. ಈ ಪುಟವನ್ನು ಯಾವ ಗಿರಣಿಯ ಗೋಡೆಯ ಮೇಲೂ ಬರೆಸಿದ್ದನ್ನು ನಾವು ಕಂಡಿಲ್ಲ. ಈಶಾವಾಸ್ಯದ ಮೊದಲ ಮಂತ್ರವೂ ಇದನ್ನೇ ಹೇಳುತ್ತದೆ: ಬಿಟ್ಟು ಅನುಭವಿಸು, ಯಾರ ಸ್ವತ್ತಿಗೂ ಆಸೆಪಡಬೇಡ. ಉಳಿದ ಶಾಸ್ತ್ರಗಳೆಲ್ಲ ಅಳಿದು ಈ ಒಂದು ಮಂತ್ರ ಉಳಿದರೂ ಹಿಂದೂಧರ್ಮ ಬದುಕುತ್ತದೆಂದು ಗಾಂಧೀಜಿ 1937ರಲ್ಲಿ ಹೇಳಿದರು.

ಹಾಗೆಂದು ನಾವು ಯಾರ ಕಣ್ಣಿಗೂ ಮಣ್ಣೆರಚುವುದಿಲ್ಲ. ಗೀತೆಯು ಯೋಗವೆಂದು ಕರೆದ ಸಮತ್ವ ಮನಸ್ಸಿನ ಸಮತೋಲ, ಆಸ್ತಿಯ ಹಂಚಿಕೆಯಲ್ಲ. ಅದೇ ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಶೂದ್ರನಿಗೆ ಸೇವೆಯೇ ಸಹಜ ಕರ್ಮವೆಂಬ ಮಾತೂ ಉಂಟು. ಅದನ್ನು ಓದಿದಾಗ, ಇದು ನಮಗೆ ಬೇಡ ಎಂದು ಗಟ್ಟಿಯಾಗಿ ಹೇಳಬೇಕು. ಹಳೆಯ ಕಾಳಿನಲ್ಲಿ ಜೊಳ್ಳೂ ಇರುತ್ತದೆ. ತೂರುವ ಮೊರ ನಮ್ಮ ಕೈಯಲ್ಲೇ ಇರಲಿ.

ಸಣ್ಣ ವ್ಯಾಪಾರಿ ಬಂಧುಗಳಿಗೂ ಒಂದು ಮಾತು. ಅಸ್ತೇಯ ದೊಡ್ಡ ಧಣಿಗೆ ಮಾತ್ರ ಬರೆದದ್ದಲ್ಲ. ತಕ್ಕಡಿಯ ಕೆಳಗೆ ಅಂಟಿಸಿದ ಹುಣಿಸೆ, ಸಾಲದ ಪುಸ್ತಕದಲ್ಲಿ ತಾನೇ ಬೆಳೆಯುವ ಅಂಕಿ, ಇವೂ ಕಳವೇ. ಸಗಟು ಮಂಡಿಯವನು ನಿಮ್ಮನ್ನು ಸುಲಿಯುತ್ತಾನೆಂಬುದು ನಿಜ. ಆ ನಷ್ಟವನ್ನು ನೀವು ಕೂಲಿಯವನ ತಲೆಗೆ ಕಟ್ಟಿದರೆ ಇಬ್ಬರೂ ಒಂದೇ ದೋಣಿಯಲ್ಲಿ ಮುಳುಗುತ್ತೀರಿ. ಸಂಘದ ಚಂದಾ ಹಣದ ಲೆಕ್ಕ ಕೊಡದ ಮುಖಂಡನಿಗೂ ಇದೇ ಪಾಠ. ನಮ್ಮ ಪಕ್ಷದವನಾದರೆ ಎರಡು ಸಲ ಓದಿಸಿ.

ಆದುದರಿಂದ ಮಿರ್ಲೆಯ ಗೆಳೆಯರಿಗೆ ನಮ್ಮ ಸೂಚನೆ ಇಷ್ಟೆ. ವಾರಕ್ಕೊಂದು ಸಂಜೆ ಕೂಡಿ. ಹೆಂಗಸರನ್ನು ಕರೆಯಿರಿ, ಯಾವ ಕೇರಿಯವರನ್ನೂ ಬಿಡಬೇಡಿ. ಕನ್ನಡದ ಅರ್ಥವನ್ನು ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಪ್ರಶ್ನೆ ಕೇಳಲಿ. ಪ್ರಶ್ನೆ ಕೇಳಿದವನನ್ನು ನಾಸ್ತಿಕನೆಂದು ಕೂರಿಸಬೇಡಿ. ಉಪನಿಷತ್ತುಗಳಲ್ಲಿ ಪ್ರಶ್ನೆಗಳೇ ತುಂಬಿವೆ. ದಕ್ಷಿಣೆ ಬೇಡ, ಗುರುಪೀಠ ಬೇಡ. ಆಸನ ಕಲಿಸುವ ತಮ್ಮ, ಮೊದಲು ಯಮದ ಐದನ್ನು ಕಲಿಸಿ ಆಮೇಲೆ ಚಾಪೆ ಹಾಸು. ಬೆನ್ನು ನೇರ ಮಾಡುವ ವಿದ್ಯೆ ಬೆಳಗ್ಗೆ ಚಾಪೆಯ ಮೇಲೆ ಕಲಿತು, ಹತ್ತು ಗಂಟೆಗೆ ಧಣಿಯ ಮುಂದೆ ಮರೆತುಹೋದರೆ ಅದು ಯೋಗವಲ್ಲ, ಕಸರತ್ತು.