ಕೈಗೆ ಕೆಲಸ, ಬಾಯಿಗೆ ಬೀಗ

ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಕಸದ ಮೂಲೆಗಳನ್ನು 2010ರ ಕೊನೆಯಲ್ಲಿ ಕೆಲವರು ಸದ್ದಿಲ್ಲದೆ ತೊಳೆಯತೊಡಗಿದಾಗ ಅವರು ಹೆಸರು ಹೇಳಲಿಲ್ಲ, ಮುಖ ತೋರಿಸಲಿಲ್ಲ. ‘ದಿ ಅಗ್ಲಿ ಇಂಡಿಯನ್’ ಎಂಬ ಆ ಅನಾಮಧೇಯ ಬಳಗದ ಘೋಷವಾಕ್ಯ ‘ಕಾಮ್ ಚಾಲೂ, ಮುಂಹ್ ಬಂದ್’. ಭಾಷಣ ಸಾಕು, ಕೆಲಸ ನಡೆಯಲಿ ಎಂದು ಅದರ ತಾತ್ಪರ್ಯ. ದಂಡು (ಕಂಟೋನ್ಮೆಂಟ್) ಪ್ರದೇಶದಲ್ಲಿ ಹುಟ್ಟಿದ ಈ ‘ಸ್ಪಾಟ್ ಫಿಕ್ಸ್’ ಆಮೇಲೆ ಊರೆಲ್ಲ ಹಬ್ಬಿತು. ವಾರದ ಕೊನೆಗೆ ಕಾಲೇಜು ಹುಡುಗರು, ಐಟಿ ಕಂಪನಿಗಳ ಹುಡುಗಿಯರು ಗ್ಲೌಸ್ ತೊಟ್ಟು ಸಲಿಕೆ ಹಿಡಿದರು. ಫ್ಲೈಓವರ್ ಕಂಬಗಳಿಗೆ ಮಣ್ಣಿನ ಬಣ್ಣದ ತ್ರಿಕೋನಗಳು ಬಂದವು.

ಅದು ಬರೀ ಉತ್ಸಾಹದ ಕೆಲಸವಾಗಿರಲಿಲ್ಲ, ಅದರಲ್ಲಿ ಬುದ್ಧಿಯೂ ಇತ್ತು. ಗೋಡೆಗೆ ಬಿಳಿ ಸುಣ್ಣ ಬಳಿದರೆ ಮರುದಿನವೇ ಅದರ ಮೇಲೆ ಪಾನ್ ಬೀಡಾದ ಚಿತ್ತಾರ ಮೂಡುತ್ತದೆ. ಹಾಗಾಗಿ ಗೋಡೆಯ ಕೆಳಭಾಗಕ್ಕೆ ಇಟ್ಟಿಗೆಗೆಂಪು ಬಳಿದರು, ಉಗುಳಿದರೂ ಎದ್ದು ಕಾಣದಂತೆ. ಜನ ಕಸ ಎಸೆಯುವುದು ಯಾವ ಮೂಲೆಗೆ, ನಿಂತು ಮೂತ್ರ ಮಾಡುವುದು ಎಲ್ಲಿ, ಯಾಕೆ ಎಂದು ಗಮನಿಸಿ ಆಮೇಲೆ ಕೈ ಹಾಕುವ ಈ ಕ್ರಮವನ್ನು ನಗರದ ಎಂಜಿನಿಯರುಗಳು ಕಲಿತಿದ್ದರೆ ನಮಗೆ ಇಷ್ಟು ಸಲ ಫುಟ್‌ಪಾತ್ ಅಗೆಸಿಕೊಳ್ಳುವ ಭಾಗ್ಯ ಬರುತ್ತಿರಲಿಲ್ಲ.

ನನ್ನ ತಕರಾರು ಇರುವುದು ಘೋಷವಾಕ್ಯದ ಎರಡನೇ ಅರ್ಧದ ಮೇಲೆ. ಬಾಯಿ ಮುಚ್ಚಿಕೊಳ್ಳುವುದು ಆ ಬಳಗ ತಾನಾಗಿ ಆರಿಸಿಕೊಂಡ ತಂತ್ರ. ಆಡಳಿತಕ್ಕೆ ಮಾತ್ರ ಅದು ಬೇಡದೆ ಬಂದ ವರ. ಪೊರಕೆ ಹಿಡಿದು ಬರುವ ಯುವಕರನ್ನು ಬೆಂಗಳೂರು ಎರಡೂ ಕೈಯಲ್ಲಿ ಬರಮಾಡಿಕೊಳ್ಳುತ್ತದೆ, ಪ್ರಶ್ನೆ ಹಿಡಿದು ಬರುವವರಿಗೆ ಕುರ್ಚಿ ಕೊಡುವುದಿಲ್ಲ.

ಕಸವನ್ನೇ ನೋಡಿ. ಮೂಲೆಯಿಂದ ಎತ್ತಿದ್ದು ಎಲ್ಲಿಗೋ ಹೋಗಲೇಬೇಕಲ್ಲ. ಆ ವರ್ಷಗಳಲ್ಲಿ ನಗರದ ಕಸದ ದೊಡ್ಡ ಪಾಲು ಲಾರಿ ಹತ್ತಿ, ಕೆ.ಆರ್. ಪುರವನ್ನೂ ದಾಟಿ ಮಂಡೂರು ಸೇರುತ್ತಿತ್ತು. ನಮ್ಮ ಬೀದಿ ಚೊಕ್ಕಟವಾದಷ್ಟೂ ಮಂಡೂರಿನ ಗುಡ್ಡ ಬೆಳೆಯಿತು. ಅದು ನಿಂತದ್ದು ಯಾರೋ ಬಣ್ಣ ಬಳಿದಿದ್ದರಿಂದಲ್ಲ. ಊರಿನವರು ಲಾರಿಗಳಿಗೆ ಅಡ್ಡ ಕೂತು ಗದ್ದಲ ಎಬ್ಬಿಸಿದರು. ಕೊನೆಗೆ 2014ರ ಡಿಸೆಂಬರ್ 1ರಿಂದ ಅಲ್ಲಿಗೆ ಕಸ ಕಳಿಸುವುದಿಲ್ಲ ಎಂದು ಸರ್ಕಾರ ಒಪ್ಪಬೇಕಾಯಿತು.

ಹಲಸೂರು ಕೆರೆಯ ಪಾಠವೂ ಬೇರೆಯಲ್ಲ. 2016ರ ಮಾರ್ಚ್‌ನಲ್ಲಿ ಸಾವಿರಾರು ಮೀನು ಸತ್ತು ದಡಕ್ಕೆ ಬಂದವು. ಮಳೆನೀರು ಹರಿಯಬೇಕಾದ ರಾಜಕಾಲುವೆಯಲ್ಲಿ ಒಳಚರಂಡಿ ನೀರು ಬಂದರೆ ಕೆರೆಯಲ್ಲಿ ಆಮ್ಲಜನಕ ಕುಸಿಯುತ್ತದೆ, ಬೇಸಿಗೆಯಲ್ಲಂತೂ ಬೇಗ. ವಿದ್ಯಾರ್ಥಿಗಳು ದಡದ ಪ್ಲಾಸ್ಟಿಕ್ ಆಯಬಹುದು, ಪೈಪು ಎಲ್ಲಿ ಸೇರಿದೆ ಎಂದು ಗುರುತಿಸಿ ಫೋಟೊ ಸಹಿತ ತೋರಿಸಲೂಬಹುದು. ಆ ಪೈಪನ್ನು ಮುಚ್ಚುವ ಅಧಿಕಾರ ಇರುವುದು ಜಲಮಂಡಳಿಗೆ. ಮಂಡಳಿಯ ಮೇಜಿನ ಆಚೆ ಬದಿಯಲ್ಲಿ ಕೂತು ‘ಯಾವತ್ತು ಮುಚ್ಚುತ್ತೀರಿ?’ ಎಂದು ಕೇಳುವ ಹಕ್ಕು ಇಲ್ಲದಿದ್ದರೆ ಸ್ವಚ್ಛತಾ ಅಭಿಯಾನ ವರ್ಷಕ್ಕೊಂದು ಹಬ್ಬವಾಗಿ ಉಳಿಯುತ್ತದೆ.

ಕೋವಿಡ್ ಇದನ್ನು ಇನ್ನೂ ಕಟುವಾಗಿ ತೋರಿಸಿತು. 2020ರಲ್ಲಿ ಹಲವು ಸಂಸ್ಥೆಗಳು ಕೂಡಿ ಕಟ್ಟಿದ ಮರ್ಸಿ ಮಿಷನ್, ಶಿವಾಜಿನಗರದ ಎಚ್‌ಬಿಎಸ್ ಆಸ್ಪತ್ರೆಯ ಜೊತೆ ಕೈಜೋಡಿಸಿತು. ವೈದ್ಯರು ಸಿಗದೆ ಆ ಆಸ್ಪತ್ರೆಯ ಡಾ. ತಾಹಾ ಮತೀನ್ ವಿಡಿಯೊ ಮಾಡಿ ಅಂಗಲಾಚಿದ್ದು ಆ ವರ್ಷದ ಜುಲೈನಲ್ಲಿ. ಮಿಷನ್‌ನ ‘ಮರ್ಸಿ ಏಂಜಲ್ಸ್’ ಸ್ವಯಂಸೇವಕರು ಪಿಪಿಇ ಕಿಟ್ ತೊಟ್ಟು, ಮನೆಯವರೂ ಮುಟ್ಟಲು ಹೆದರುತ್ತಿದ್ದ ಶವಗಳನ್ನು ಆಯಾ ಧರ್ಮದ ಪದ್ಧತಿಯಂತೆ ಮಣ್ಣು ಮಾಡಿದರು, ಚಿತೆಗೆ ಸಾಗಿಸಿದರು. 2021ರ ಏಪ್ರಿಲ್–ಮೇ ತಿಂಗಳಲ್ಲಿ ಇಪ್ಪತ್ತರ ಹರೆಯದವರೂ ಈ ಕೆಲಸಕ್ಕೆ ನಿಂತರು. ಆಂಬುಲೆನ್ಸ್ ಎಲ್ಲಿ ಸಿಕ್ಕಿಬೀಳುತ್ತದೆ, ಚಿತಾಗಾರದ ಸರದಿ ಹೇಗೆ ಕೆಡುತ್ತದೆ, ಬೆಡ್ ಇದೆ ಎಂದು ಪರದೆ ತೋರಿಸುವಾಗ ವಾರ್ಡಿನಲ್ಲಿ ನಿಜಕ್ಕೂ ಏನಿರುತ್ತದೆ ಎಂಬುದು ಅವರಷ್ಟು ಗೊತ್ತಿದ್ದವರು ಕಡಿಮೆ. ಅವರಿಗೆ ಶಾಲು, ಪ್ರಮಾಣಪತ್ರ ಸಲ್ಲಬೇಕಾದ್ದೇ. ಮುಂದಿನ ಸಾಂಕ್ರಾಮಿಕಕ್ಕೆ ಯೋಜನೆ ಬರೆಯುವ ಕೋಣೆಗೆ ಅವರನ್ನು ಕರೆಯುವುದು ಯಾಕೆ ಯಾರಿಗೂ ಹೊಳೆಯುವುದಿಲ್ಲ?

ಬಾಯಿ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ನಗರದ ಈ ಪೂರ್ವ ಭಾಗದಲ್ಲೇ ಹಳೆಯ ಉದಾಹರಣೆಗಳಿವೆ. 1980ರಲ್ಲಿ ಕೆ.ಆರ್. ಪುರದ ಕ್ರಿಸ್ತು ಜ್ಯೋತಿ ಕಾಲೇಜಿನಲ್ಲಿ ದೈವಶಾಸ್ತ್ರ ಓದುತ್ತಿದ್ದ ಕೆಲವು ಸಲೇಶಿಯನ್ ವಿದ್ಯಾರ್ಥಿಗಳು ಬೀದಿಗಿಳಿದು ಚಿಂದಿ ಆಯುವ ಹುಡುಗರ ಪಕ್ಕ ಕೂತರು. ಅವರು ಮೊದಲು ಮಾಡಿದ್ದು ಕೇಳಿಸಿಕೊಳ್ಳುವ ಕೆಲಸ. ‘ಬೆಂಗಳೂರು ಓಣಿಯವರ ಸೇವಾ ಕೂಟ’, ಅಂದರೆ ಎಲ್ಲರೂ ಬಲ್ಲ ‘ಬಾಸ್ಕೊ’, ಬೆಳೆದದ್ದು ಅಲ್ಲಿಂದ. ಆ ವಿದ್ಯಾರ್ಥಿಗಳು ಓದು ಮುಗಿಸಿ ಚದುರಿ ಎಷ್ಟೋ ವರ್ಷಗಳಾದವು, ಸಂಸ್ಥೆ ನಿಂತಿದೆ. ಯುವಕರು ಇವತ್ತಿರುತ್ತಾರೆ, ನಾಳೆ ಕೆಲಸ ಸಿಕ್ಕರೆ ಹೊರಡುತ್ತಾರೆ, ಅವರನ್ನು ನಂಬಿ ಏನು ಮಾಡುವುದು ಎಂದು ಮೂಗು ಮುರಿಯುವ ಹಿರಿಯರಿಗೆ ಇಷ್ಟು ಸಾಕು.

ಇದಕ್ಕಿಂತ ಮುಂದೆ ಹೋದದ್ದು ಭೀಮ ಸಂಘ. ಎಪ್ಪತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಅಸಂಘಟಿತ ಕಾರ್ಮಿಕರನ್ನು ಒಗ್ಗೂಡಿಸಲು ಹೊರಟವರಿಗೆ ಹೋಟೆಲುಗಳಲ್ಲಿ ಸಿಕ್ಕಿದ್ದು ಲೋಟ ತೊಳೆಯುವ ಮಕ್ಕಳು. 1926ರ ಕಾರ್ಮಿಕ ಸಂಘಗಳ ಕಾಯ್ದೆಯಂತೆ 15 ತುಂಬದವರು ಸಂಘದ ಸದಸ್ಯರಾಗುವಂತಿಲ್ಲ. ಕೆಲಸಕ್ಕೆ ಆಗುವ ವಯಸ್ಸು, ಸಂಘಕ್ಕೆ ಆಗದು! ನಂದನಾ ರೆಡ್ಡಿ ಮತ್ತು ಸಂಗಾತಿಗಳು 1985ರಲ್ಲಿ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಕಟ್ಟಿದರು. ಅದರ ಕಚೇರಿ ಬಹುಕಾಲ ಇದ್ದದ್ದು ಎಚ್‌ಎಎಲ್ ಹತ್ತಿರದ ವಿಮಾನಪುರದಲ್ಲಿ. ಅದರ ಬೆಂಬಲದಿಂದ 1990ರ ಹೊತ್ತಿಗೆ ದುಡಿಯುವ ಮಕ್ಕಳು ಭೀಮ ಸಂಘ ಎಂಬ ತಮ್ಮದೇ ಸಂಘ ಮಾಡಿಕೊಂಡರು. 1996ರಲ್ಲಿ 33 ದೇಶಗಳ ದುಡಿಯುವ ಮಕ್ಕಳ ಪ್ರತಿನಿಧಿಗಳು ಕುಂದಾಪುರದಲ್ಲಿ ಸೇರಿ ಹತ್ತು ಅಂಶಗಳ ಘೋಷಣೆ ಹೊರಡಿಸಿದರು. ನಮ್ಮ ಸಮಸ್ಯೆ, ನಮ್ಮ ಸಲಹೆ, ನಮ್ಮ ಸಂಘಟನೆಯನ್ನು ಮಾನ್ಯ ಮಾಡಿ ಎಂಬುದು ಅದರ ಮೊದಲ ಬೇಡಿಕೆ. ಮಕ್ಕಳು ದುಡಿದು ಮಾಡಿದ ವಸ್ತುಗಳನ್ನು ಬಹಿಷ್ಕರಿಸುವುದಕ್ಕೂ ಅವರು ಒಪ್ಪಲಿಲ್ಲ. ಈ ನಿಲುವಿನ ಬಗ್ಗೆ ಜಗಳ ಆಡಬಹುದು, ಬಾಲಕಾರ್ಮಿಕ ಪದ್ಧತಿಯ ಪೂರ್ಣ ನಿಷೇಧ ಕೇಳುವವರು ಆಡಿದ್ದಾರೆ ಕೂಡ. ಆದರೆ ಜಗಳಕ್ಕೆ ಎದುರು ಪಕ್ಷವಾಗಿ ಮಕ್ಕಳನ್ನೇ ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ.

ಅದರ ಫಲ ಹೆಚ್ಚಾಗಿ ಸಿಕ್ಕಿದ್ದು ಹಳ್ಳಿಗಳಿಗೆ. ಕುಂದಾಪುರ ತಾಲ್ಲೂಕಿನಲ್ಲಿ 1995ರ ಸುಮಾರಿಗೆ ಮಕ್ಕಳ ಪಂಚಾಯಿತಿಗಳು ಆರಂಭವಾದವು. ಮಳೆಗಾಲದಲ್ಲಿ ತುಂಬಿ ಹರಿಯುವ ತೋಡು ದಾಟಲು ಮರದ ದಿಮ್ಮಿಯೊಂದೇ ಗತಿಯಾಗಿದ್ದ ಕಡೆ ಶಾಲೆಯ ಮಕ್ಕಳು ಕಾಲುಸಂಕ ಬೇಕೆಂದು ಪಂಚಾಯಿತಿಯ ಮುಂದೆ ಹೋದರು. ದೊಡ್ಡವರಿಗೆ ಅದು ರೂಢಿಯಾಗಿದ್ದ ದಾರಿ, ಪುಸ್ತಕದ ಚೀಲ ಬೆನ್ನಿಗೇರಿಸಿಕೊಂಡ ಎಂಟು ವರ್ಷದ ಹುಡುಗಿಗೆ ದಿನಕ್ಕೆರಡು ಸಲದ ಗಂಡಾಂತರ. ಬಜೆಟ್ ಬರೆಯುವವರ ಕಣ್ಣಿಗೆ ಬೀಳದ್ದು ಹೀಗೆ ಪಟ್ಟಿ ಸೇರುತ್ತದೆ. 2006ರಲ್ಲಿ ಸರ್ಕಾರ ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಆದೇಶಿಸಿತು. ಎಷ್ಟೋ ಕಡೆ ಅದು ಶಾಲಾ ವಾರ್ಷಿಕೋತ್ಸವದ ಮಟ್ಟಕ್ಕೆ ಇಳಿದಿದೆ, ಹಾರ, ಸ್ವಾಗತ, ವಂದನಾರ್ಪಣೆ. ಹಾಗಿದ್ದರೂ ಪಿಡಿಒ ಎದುರು ಮೈಕ್ ಹಿಡಿದು ‘ಶಾಲೆಯ ಶೌಚಾಲಯಕ್ಕೆ ನೀರಿಲ್ಲ’ ಎನ್ನಲು ಮಗುವಿಗೆ ಒಂದು ದಿನ ಇದೆ, ಆ ಮಾತು ನಡಾವಳಿಗೆ ಹತ್ತುತ್ತದೆ.

ಈ ಆದೇಶ ಗ್ರಾಮ ಪಂಚಾಯಿತಿಗಳಿಗೆ ಮಾತ್ರ. ಮಂಡೂರು ಪಂಚಾಯಿತಿಯ ಶಾಲೆಯ ಹುಡುಗಿಗೆ ಸಿಕ್ಕ ಮೈಕು ಅದೇ ತಾಲ್ಲೂಕಿನ ಕೆ.ಆರ್. ಪುರದ ಹುಡುಗಿಗೆ ಸಿಗುವುದಿಲ್ಲ. ಶಿವಾಜಿನಗರದ, ಹಲಸೂರಿನ ಮಕ್ಕಳ ಮಾತಂತೂ ಬೇಡ. ಊರು ನಗರವಾಗಿ ಬಡ್ತಿ ಪಡೆದಾಗ ಮಕ್ಕಳ ಹಕ್ಕಿಗೆ ಹಿಂಬಡ್ತಿ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ‘ಯುವ ನಾಯಕತ್ವ’ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಇಂದಿರಾನಗರದ ಕೆಫೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತ, ಇಂಗ್ಲಿಷಿನಲ್ಲಿ ಪ್ರೆಸೆಂಟೇಷನ್ ಕೊಡಬಲ್ಲ ಯುವತಿ. ಅವಳ ಕೆಲಸವೂ ಬೇಕು. ಆದರೆ ಅಲ್ಲಿಂದ ಕೂಗಳತೆಯಲ್ಲೇ ಎನ್ನಬಹುದಾದ ಹಲಸೂರಿನ ಗೌತಮಪುರಕ್ಕೆ ಹೋಗಿ ನೋಡಿ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾರ ಜೊತೆಗೆ ಫುಟ್‌ಬಾಲ್ ದೊರೆ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿಕೊಂಡ ಬಡಾವಣೆ ಅದು. ದಂಡಿನ ಫುಟ್‌ಬಾಲ್‌ಗೆ ದೊಡ್ಡ ಪರಂಪರೆ ಇದೆ: 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಿತು, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದದ್ದು ಬೆಂಗಳೂರಿನ ಎಸ್. ರಾಮನ್. ಇಂಥ ಕೇರಿಗಳಲ್ಲಿ ಚಿಕ್ಕವರನ್ನು ಸಂಜೆ ಮೈದಾನಕ್ಕೆ ಎಳೆತಂದು ಆಟ ಕಲಿಸುವ ಅಣ್ಣಂದಿರು, ಅಂಬೇಡ್ಕರ್ ಜಯಂತಿಗೂ ರಾಜ್ಯೋತ್ಸವಕ್ಕೂ ಚಂದಾ ಎತ್ತುವ ಯುವಕ ಸಂಘದವರು, ರಾತ್ರಿ ಯಾರಿಗೋ ಹೆರಿಗೆ ನೋವು ಬಂದರೆ ಆಟೊ ತರುವ ಹುಡುಗರು, ಇವರ ಕೆಲಸಕ್ಕೆ ‘ಪ್ರಾಜೆಕ್ಟ್’ ಎಂಬ ಹೆಸರಿಲ್ಲ. ಹೆಸರಿಲ್ಲದ್ದಕ್ಕೆ ಅನುದಾನವಿಲ್ಲ, ಪ್ರಶಸ್ತಿಯಿಲ್ಲ. ವಾರ್ಡಿನ ನಾಡಿ ಅವರಿಗೆ ಗೊತ್ತಿರುವಷ್ಟು ಯಾವ ಸಮೀಕ್ಷೆಗೂ ಸಿಗುವುದಿಲ್ಲ ಎಂಬುದು ಮಾತ್ರ ಚುನಾವಣೆ ಬಂದಾಗ ಎಲ್ಲ ಪಕ್ಷಗಳಿಗೂ ನೆನಪಾಗುತ್ತದೆ.

ಕೂತು ಮಾತಾಡುವ ಜಾಗವಾಗಿ ಕಾನೂನು ಕೊಟ್ಟದ್ದು ವಾರ್ಡ್ ಸಮಿತಿ. ಸಂವಿಧಾನದ 74ನೇ ತಿದ್ದುಪಡಿ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ ಅದನ್ನು ಕಡ್ಡಾಯ ಮಾಡಿತ್ತು. ಬೆಂಗಳೂರಿನಲ್ಲಿ ಅದು ಸಭೆ ಸೇರುವ ಮಟ್ಟಕ್ಕೆ ಬರಲು ಹೈಕೋರ್ಟ್ ಚಾಟಿ ಬೀಸಬೇಕಾಯಿತು, ನಾಗರಿಕ ಸಂಘಟನೆಗಳು ವರ್ಷಗಟ್ಟಲೆ ಕೂಗಬೇಕಾಯಿತು. ಕರ್ನಾಟಕ ಪೌರ ನಿಗಮಗಳ ಕಾಯ್ದೆಯ ಪ್ರಕಾರ ನಾಮಕರಣಗೊಳ್ಳುವ ಹತ್ತು ಮಂದಿಯಲ್ಲಿ ಪರಿಶಿಷ್ಟರಿಗೆ, ಮಹಿಳೆಯರಿಗೆ, ನಿವಾಸಿಗಳ ಸಂಘಗಳಿಗೆ ಸ್ಥಾನ ಇಟ್ಟಿದ್ದರು. ಯುವಜನರಿಗೆಂದು ಒಂದೂ ಇರಲಿಲ್ಲ. ನಿವಾಸಿಗಳ ಸಂಘವೆಂದರೆ ಸ್ವಂತ ಮನೆ ಇರುವ ನಿವೃತ್ತರು ಎಂದೇ ಸಾಮಾನ್ಯ ಅರ್ಥ. ಬಾಡಿಗೆ ಕೋಣೆಯಲ್ಲಿ ನಾಲ್ವರು ಹಂಚಿಕೊಂಡು ಇರುವವನು ಅದರೊಳಗೆ ಹೊಗುವುದು ಹೇಗೆ?

ಸಮಿತಿಯ ಮಾತಿರಲಿ, ಮತವೇ ಇಲ್ಲ. ನಗರದ ಪಾಲಿಕೆಯಾಗಿದ್ದ ಬಿಬಿಎಂಪಿಗೆ ಕಡೆಯ ಚುನಾವಣೆ ನಡೆದದ್ದು 2015ರ ಆಗಸ್ಟ್ 22ರಂದು. ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು, ಆಡಳಿತಾಧಿಕಾರಿ ಬಂದು ಕೂತರು. 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಒಡೆದು ಐದು ನಗರ ಪಾಲಿಕೆಗಳಾದವು. 1949ರವರೆಗೆ ಬೇರೆಯೇ ಪೌರಸಭೆ ಹೊಂದಿದ್ದ ದಂಡಿನ ದೊಡ್ಡ ಭಾಗ ಈಗ ಕೇಂದ್ರ ಪಾಲಿಕೆಯಲ್ಲಿದೆ, 2007ರವರೆಗೆ ನಗರಸಭೆಯಾಗಿದ್ದ ಕೆ.ಆರ್. ಪುರ ಪೂರ್ವ ಪಾಲಿಕೆಯಲ್ಲಿದೆ. ಆ ಹಳೆಯ ಚುನಾವಣೆ ಮುಗಿದ ಮರುವಾರ 18 ತುಂಬಿದ ಹುಡುಗನಿಗೆ ಹೊಸ ಪಾಲಿಕೆಗಳು ಹುಟ್ಟುವ ಹೊತ್ತಿಗೆ 28. ಅಷ್ಟರಲ್ಲಿ ಅವನು ಎಷ್ಟು ಕೆರೆ ತೊಳೆದಿದ್ದಾನೋ, ಕಾರ್ಪೊರೇಟರ್ ಚುನಾವಣೆಗೆ ಒಮ್ಮೆಯೂ ಮತ ಹಾಕಿಲ್ಲ.

ಈಗ ನಿಯಮಗಳನ್ನು ಹೊಸದಾಗಿ ಬರೆಯುವ ಕಾಲ. ವಾರ್ಡ್ ಸಮಿತಿಯಲ್ಲಿ 25ರ ಒಳಗಿನ ಇಬ್ಬರು, ಅವರಲ್ಲಿ ಒಬ್ಬರು ಕೊಳೆಗೇರಿಯಿಂದ ಎಂದು ಸೇರಿಸುವುದಕ್ಕೆ ಬಹಳ ಶಾಯಿ ಬೇಕಿಲ್ಲ. ಮಕ್ಕಳ ಗ್ರಾಮಸಭೆಯ ಆದೇಶದಲ್ಲಿ ಗ್ರಾಮ ಇದ್ದಲ್ಲಿ ವಾರ್ಡ್ ಎಂದು ಬರೆದು ಪಾಲಿಕೆಗಳಿಗೂ ಹೊರಡಿಸಬಹುದು. ಸ್ಪಾಟ್ ಫಿಕ್ಸ್‌ಗೆ ಬರುವ ತಂಡಗಳಿಗೆ ಆ ವಾರ್ಡಿನ ಕಸದ ಗುತ್ತಿಗೆಯ ಕರಾರು, ಕೆಲಸದ ಬಿಲ್ಲು ತೋರಿಸುವುದನ್ನು ಕಡ್ಡಾಯ ಮಾಡಬಹುದು. ಸಲಿಕೆಯ ಜೊತೆ ಕಡತವೂ ಸಿಗಲಿ. ಆಗ ಗುತ್ತಿಗೆದಾರರಿಗೆ ಸ್ವಯಂಸೇವೆಯ ಮೇಲಿನ ಪ್ರೀತಿ ಎಷ್ಟು ಉಳಿಯುತ್ತದೆ ಎಂಬುದೂ ಗೊತ್ತಾಗುತ್ತದೆ.

ಪಾಲಿಕೆಯ ಚುನಾವಣೆಗೆ ನಿಲ್ಲಲು ಸಂವಿಧಾನ 21 ವರ್ಷ ಸಾಕು ಎನ್ನುತ್ತದೆ. ವಿಧಾನಸಭೆಗೆ 25 ಬೇಕು, ಇಲ್ಲಿ ಬೇಡ. ನಗರದ ಬೀದಿ ದೀಪ, ಚರಂಡಿ, ಮೈದಾನದ ವಿಷಯದಲ್ಲಿ ಅಷ್ಟು ಚಿಕ್ಕವರನ್ನೂ ನಂಬಬಹುದು ಎಂದು ಕಾನೂನು ಯಾವತ್ತೋ ತೀರ್ಮಾನಿಸಿದೆ. ಟಿಕೆಟ್ ಹಂಚುವ ಪಕ್ಷಗಳ ಕಚೇರಿಯಲ್ಲಿ ಮಾತ್ರ ಆ ವಯಸ್ಸಿನವರಿಗೆ ಇವತ್ತಿಗೂ ಇರುವ ಕೆಲಸ ಬ್ಯಾನರ್ ಕಟ್ಟುವುದು.