303 ರನ್ನಿನ ತೂಕ ಎಷ್ಟು? ಪಿಚ್ ನೆಪ ಮತ್ತು ಪಿಚ್ ಲೆಕ್ಕ

ಕರುಣ್ ನಾಯರ್ ಹೆಸರು ಎತ್ತಿದರೆ ಸಾಕು, ಮಣಿಪಾಲದ ಹಾಸ್ಟೆಲಿನಿಂದ ಕಾರ್ಕಳದ ಬಸ್ ಸ್ಟ್ಯಾಂಡ್ ತನಕ ಒಂದೇ ಉತ್ತರ: “ಅದು ಫ್ಲ್ಯಾಟ್ ಪಿಚ್ ಮಾರಾಯ, ಯಾರು ಬೇಕಾದ್ರೂ ಹೊಡೀತಿದ್ರು.” 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303. ಭಾರತದ ಪರ ಟೆಸ್ಟ್ ತ್ರಿಶತಕ ಹೊಡೆದವರು ವೀರೇಂದ್ರ ಸೆಹ್ವಾಗ್ ಬಿಟ್ಟರೆ ಇವರೊಬ್ಬರೇ. ಆದರೆ 2017ರ ಮಾರ್ಚ್ ನಂತರ ಎಂಟು ವರ್ಷ ಒಂದೂ ಟೆಸ್ಟ್ ಸಿಗಲಿಲ್ಲ. 2025ರಲ್ಲಿ ಇಂಗ್ಲೆಂಡ್‌ನಲ್ಲಿ ಮತ್ತೆ ಅವಕಾಶ ಸಿಕ್ಕಿತು. 8 ಇನಿಂಗ್ಸ್, 205 ರನ್. ಮುಂದಿನ ಸರಣಿಗೆ ಮತ್ತೆ ಹೊರಗೆ.

ಪಿಚ್ ನೋಡಿ ರನ್ ತೂಗುವುದರಲ್ಲಿ ತಪ್ಪೇನಿಲ್ಲ. ತೂಗಲೇಬೇಕು. ತಕರಾರು ಇರುವುದು ನಾವು ತೂಗುವ ರೀತಿಯ ಬಗ್ಗೆ. ಯಾರನ್ನೋ ಇಳಿಸಬೇಕಾದಾಗ ಮಾತ್ರ ಪಿಚ್ ನೆನಪಾಗುತ್ತದೆ. ಅದೇ ಆಟಗಾರ ಕಷ್ಟದ ಪಿಚ್‌ನಲ್ಲಿ 40 ಹೊಡೆದರೆ ಪಿಚ್ ಮರೆತುಹೋಗಿ, ಬರೀ 40 ಉಳಿಯುತ್ತದೆ. ತಕ್ಕಡಿ ಒಂದೇ ಕಡೆಗೆ ವಾಲಿದರೆ ಅದನ್ನ ವಿಶ್ಲೇಷಣೆ ಅನ್ನೋಕಾಗಲ್ಲ.

ಹಾಗಾದರೆ ಸರಿಯಾಗಿ ತೂಗುವುದು ಹೇಗೆ? ದೊಡ್ಡ ಸಾಫ್ಟ್‌ವೇರ್ ಬೇಡ, ಸ್ಕೋರ್‌ಕಾರ್ಡ್ ಸಾಕು. ಪಂದ್ಯದಲ್ಲಿ ಎರಡೂ ತಂಡಗಳು ಗಳಿಸಿದ ಒಟ್ಟು ರನ್ ಅನ್ನು ಬಿದ್ದ ಒಟ್ಟು ವಿಕೆಟ್‌ಗಳಿಂದ ಭಾಗಿಸಿ. ಆ ಪಂದ್ಯದಲ್ಲಿ ಒಂದು ವಿಕೆಟ್‌ಗೆ ಎಷ್ಟು ರನ್ ಬಂತು ಅಂತ ಗೊತ್ತಾಗುತ್ತದೆ.

ಚೆನ್ನೈ ಟೆಸ್ಟ್‌ನಲ್ಲಿ ಇಂಗ್ಲೆಂಡ್ 477 ಮತ್ತು 207, ಭಾರತ 7 ವಿಕೆಟ್‌ಗೆ 759. ಒಟ್ಟು 27 ವಿಕೆಟ್‌ಗೆ 1,443 ರನ್, ಅಂದರೆ ವಿಕೆಟ್‌ಗೆ 53. ಮೂರು ತಿಂಗಳ ನಂತರ, 2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾ ವಿರುದ್ಧದ ಟೆಸ್ಟ್. ಭಾರತ 189 ಮತ್ತು 274, ಆಸ್ಟ್ರೇಲಿಯಾ 276 ಮತ್ತು 112. ಒಟ್ಟು 40 ವಿಕೆಟ್‌ಗೆ 851, ವಿಕೆಟ್‌ಗೆ 21. ಈ ಪಿಚ್‌ಗೆ ಐಸಿಸಿ ಮ್ಯಾಚ್ ರೆಫರಿ ಕೊಟ್ಟ ದರ್ಜೆ ‘ಸರಾಸರಿಗಿಂತ ಕೆಳಗೆ’.

ಎರಡೂ ಪಂದ್ಯ ಆಡಿದ ನಮ್ಮ ಕರಾವಳಿಯ ಹುಡುಗ ಕೆ.ಎಲ್. ರಾಹುಲ್ ಅವರನ್ನೇ ತೆಗೆದುಕೊಳ್ಳಿ. ಸುರತ್ಕಲ್‌ನಲ್ಲಿ ಬೆಳೆದವರು, ಕಾಪುವಿನಿಂದ ಹೆದ್ದಾರಿ ಹಿಡಿದರೆ ಹತ್ತಿರವೇ. ಚೆನ್ನೈನಲ್ಲಿ ಅವರು ಹೊಡೆದದ್ದು 199, ಬೆಂಗಳೂರಿನ ಮೊದಲ ಇನಿಂಗ್ಸ್‌ನಲ್ಲಿ 90. ಬರೀ ರನ್ ನೋಡಿದರೆ 199 ಎರಡು ಪಟ್ಟಿಗಿಂತ ಹೆಚ್ಚು. ಆಯಾ ಪಂದ್ಯದ ‘ವಿಕೆಟ್ ಬೆಲೆ’ಯಿಂದ ಭಾಗಿಸಿದರೆ 199ರ ತೂಕ 3.7, 90ರ ತೂಕ 4.2. ಭಾರತ ಆ ದಿನ ಗಳಿಸಿದ 189ರಲ್ಲಿ ಹತ್ತಿರಹತ್ತಿರ ಅರ್ಧ ಅವರೊಬ್ಬರದೇ. ಪಂದ್ಯಶ್ರೇಷ್ಠರೂ ಅವರೇ ಆದರು.

ಈಗ ಕರುಣ್. ಇದೇ ಲೆಕ್ಕದಲ್ಲಿ 303ರ ತೂಕ 5.7. ಫ್ಲ್ಯಾಟ್ ಪಿಚ್ ಅಂತ ಕಳೆಯಬೇಕಾದದ್ದನ್ನೆಲ್ಲ ಕಳೆದ ಮೇಲೂ ಅದು ರಾಹುಲ್‌ರ 90ಕ್ಕಿಂತ ಭಾರ. ಯಾರು ಬೇಕಾದ್ರೂ ಹೊಡೀತಿದ್ರು ಅನ್ನುವುದಾದರೆ, ಅದೇ ಪಿಚ್‌ನಲ್ಲಿ ಆಡಿದ ಉಳಿದವರು ಯಾಕೆ ಹೊಡೆಯಲಿಲ್ಲ? ಇಂಗ್ಲೆಂಡ್ ಕಡೆಯ ಗರಿಷ್ಠ ಮೊಯೀನ್ ಅಲಿಯ 146. ಕೊನೆಯ ದಿನ ಇಂಗ್ಲೆಂಡ್ 207ಕ್ಕೆ ಕುಸಿಯಿತು, ಜಡೇಜಾಗೆ 7 ವಿಕೆಟ್.

ಹಾಗಂತ ಇದು ಕರುಣ್ ಪರ ವಕಾಲತ್ತು ಅಲ್ಲ. ಬೆಂಗಳೂರಿನ ಆ ಕಷ್ಟದ ಪಿಚ್‌ನಲ್ಲಿ ಅವರು ಗಳಿಸಿದ್ದು 26 ಮತ್ತು ಸೊನ್ನೆ. 2025ರ ಎಜ್‌ಬಾಸ್ಟನ್‌ನಲ್ಲಿ ಭಾರತ 587 ಮತ್ತು 6 ವಿಕೆಟ್‌ಗೆ 427 ಹೊಡೆದಾಗ ಅವರದ್ದು 31 ಮತ್ತು 26. ಅಂಥ ಪಿಚ್‌ನಲ್ಲಿ 31 ಅಂದರೆ ಕಾಣುವುದಕ್ಕಿಂತ ದೊಡ್ಡ ಸೋಲು. ಆದರೆ ಓವಲ್‌ನಲ್ಲಿ ಮೋಡ ಕವಿದು, ಚೆಂಡು ಅತ್ತಿತ್ತ ಓಡುತ್ತಿದ್ದ ಮೊದಲ ಇನಿಂಗ್ಸ್‌ನಲ್ಲಿ ಭಾರತ 224ಕ್ಕೆ ಆಲೌಟ್ ಆಯಿತು. 50 ದಾಟಿದ್ದು ಕರುಣ್ ಒಬ್ಬರೇ, 57. ಆ ಟೆಸ್ಟನ್ನು ಭಾರತ ಗೆದ್ದದ್ದು 6 ರನ್ನಿಂದ. 8 ಇನಿಂಗ್ಸ್‌ಗೆ 205 ಅಂತ ಒಂದೇ ಮೊತ್ತ ಬರೆದಾಗ ಆ 31 ಮತ್ತು ಈ 57 ಒಂದೇ ಚೀಲಕ್ಕೆ ಬೀಳುತ್ತವೆ. ಕೈಬಿಟ್ಟದ್ದು ಸರಿ ಅನ್ನಿಸಬಹುದು, ತಪ್ಪು ಅನ್ನಿಸಬಹುದು. ಆದರೆ ಆ ವಾದವನ್ನ ಬರೀ 205ರ ಮೇಲೆ ಕಟ್ಟೋಕಾಗಲ್ಲ.

ಹಳಬರಿಗೆ ಇದು ಗೊತ್ತಿತ್ತು. 1975ರ ಜನವರಿಯಲ್ಲಿ ಇದೇ ಚೆನ್ನೈನಲ್ಲಿ ಆಂಡಿ ರಾಬರ್ಟ್ಸ್ 64 ರನ್‌ಗೆ 7 ವಿಕೆಟ್ ಕಿತ್ತಾಗ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಔಟಾಗದೆ 97 ಗಳಿಸಿದರು. ತಂಡದ ಮೊತ್ತ 190. ಶತಕ ಅಲ್ಲ, ಶತಕಗಳ ಪಟ್ಟಿಯಲ್ಲಿ ಅದಿಲ್ಲ. ಆದರೂ ಐವತ್ತು ವರ್ಷದ ಮೇಲೂ ಜನ ಮಾತಾಡುವುದು ಆ 97ರ ಬಗ್ಗೆ.

ಈ ಲೆಕ್ಕಕ್ಕೆ ಮಿತಿಗಳಿವೆ. ಐದು ದಿನದಲ್ಲಿ ಪಿಚ್ ಬದಲಾಗುತ್ತದೆ. ವಿಕೆಟ್ ಬಿದ್ದದ್ದು ಪಿಚ್‌ನಿಂದಲೋ ಒಳ್ಳೆ ಬೌಲಿಂಗ್‌ನಿಂದಲೋ ಅಂತ ಈ ಭಾಗಾಕಾರ ಹೇಳುವುದಿಲ್ಲ. ಕೊನೆ ತೀರ್ಪು ಇದಲ್ಲ, ಆದರೆ ಬರೀ ಮೊತ್ತ ನೋಡುವುದಕ್ಕಿಂತ ವಾಸಿ.

ಟೆಸ್ಟ್ ಆಡುವವರ ಬಗ್ಗೆ ವಾದ ಮಾಡಲು ಟಿವಿ ಇದೆ, ಅಂಕಿಅಂಶ ಇದೆ. ನಮ್ಮೂರ ಹದಿನಾರರ ಹುಡುಗ ಹುಡುಗಿಯರ ಪಿಚ್ ನೋಡುವವರು ಯಾರು? ಉಡುಪಿ ಜಿಲ್ಲೆಯಲ್ಲಿ ಮಳೆಗಾಲ ಅಂದರೆ ನಾಲ್ಕು ತಿಂಗಳು ಮೈದಾನ ನೀರಲ್ಲಿ. ಟರ್ಫ್ ವಿಕೆಟ್‌ಗೆ ಜೇಡಿಮಣ್ಣು, ರೋಲರ್, ದಿನನಿತ್ಯದ ಆರೈಕೆ ಬೇಕು. ಮುರಕಲ್ಲಿನ ಊರಲ್ಲಿ ಅದು ದುಬಾರಿ. ಹಾಗಾಗಿ ಏಣೆಲು ಕೊಯ್ಲಾದ ಗದ್ದೆ, ಕಾಪುವಿನ ಕಡಲ ಮರಳು, ಸಿಕ್ಕರೆ ಸಿಮೆಂಟಿನ ಮೇಲೆ ಹಾಸಿದ ಮ್ಯಾಟ್. ಮ್ಯಾಟ್ ಮೇಲೆ ಚೆಂಡು ಎದೆಮಟ್ಟ ಏಳುತ್ತದೆ, ಟರ್ಫ್‌ನಲ್ಲಿ ಕಾಲಿಗೆ ಬರುತ್ತದೆ. ಒಂದರಲ್ಲಿ ಬೆಳೆದವರನ್ನು ಇನ್ನೊಂದರಲ್ಲಿ ಒಂದು ಮಧ್ಯಾಹ್ನ ಆಡಿಸಿ ‘ಟೆಕ್ನಿಕ್ ಇಲ್ಲ’ ಅಂದುಬಿಡುವುದು ಸುಲಭ. ಆಯ್ಕೆಗಾರರ ಮುಂದೆ ಇಡುವ ಹಾಳೆಯಲ್ಲಿ ರನ್ ಪಕ್ಕ ಎರಡು ಕಾಲಂ ಸೇರಿಸಿದರೆ ಸಾಕು: ಪಿಚ್ ಯಾವುದು, ಆ ಪಂದ್ಯದಲ್ಲಿ ವಿಕೆಟ್‌ಗೆ ಬಂದ ರನ್ ಎಷ್ಟು. ಸ್ಕೋರರ್ ಪುಸ್ತಕದಲ್ಲಿ ಬೇಕಾದ ಅಂಕಿ ಆಗಲೇ ಇರುತ್ತದೆ. ಖರ್ಚು ಒಂದು ಪೆನ್ನು.

ಇದು ಆಟಕ್ಕಷ್ಟೇ ಸೇರಿದ ಅಭ್ಯಾಸವೂ ಅಲ್ಲ. 2025ರ ದ್ವಿತೀಯ ಪಿಯುಸಿಯಲ್ಲಿ ಉಡುಪಿ 93.90% ಪಡೆದು ರಾಜ್ಯಕ್ಕೆ ಮೊದಲು, ಯಾದಗಿರಿ 48.45% ಪಡೆದು ಕೊನೆ. ನಾವು ಸಂಭ್ರಮಿಸಿದೆವು, ಸಂಭ್ರಮಿಸಬೇಕಾದದ್ದೇ. ಆದರೆ ಹಳೆಯ ಶಾಲೆ ಕಾಲೇಜು, ಊರೂರಿಗೆ ಬಸ್ಸು, ಓದು ಬರಹ ಗೊತ್ತಿರುವ ಮನೆ, ಇವೆಲ್ಲ ನಮ್ಮ ಪಿಚ್. ಕರುಣ್‌ರ 303 ಓದುವಾಗ ಪಿಚ್ ಕೇಳುವ ನಾವು ಯಾದಗಿರಿಯ 48 ಓದುವಾಗಲೂ ಕೇಳಬೇಕು. ನಮ್ಮ 93 ಓದುವಾಗ ಇನ್ನೂ ಜೋರಾಗಿ ಕೇಳಬೇಕು.